ರಿಂಗ್ ರೋಡ್ ಆಚೆ 600 ಸಣ್ಣ ಮನೆಗಳು ಬರುತ್ತಿವೆ, ನಮಗೇ ನೀರಿಲ್ಲ. ಆಕ್ಷೇಪಣೆಗೆ ಸಹಿ ಹಾಕಲಾ?

ಮೈಸೂರಿನ ರಿಂಗ್ ರೋಡ್ ಆಚೆ, ನಿಮ್ಮ ಬಡಾವಣೆ ಪಕ್ಕದ ಕೃಷಿ ಜಮೀನನ್ನು ವಸತಿಗೆ ಬದಲಾಯಿಸಿ 600 ಸಣ್ಣ ಮನೆ ಕಟ್ಟುತ್ತಾರಂತೆ. ಪೇಪರಿನಲ್ಲಿ ಪ್ರಕಟಣೆ ಬಂದಿದೆ. ಅಕ್ಕಪಕ್ಕದವರು ಆಕ್ಷೇಪಣೆಗೆ ಸಹಿ ಕೇಳುತ್ತಿದ್ದಾರೆ. ಬಡವರಿಗೆ ಮನೆ ಬೇಡ ಅನ್ನಲು ನಿಮಗೆ ಮನಸ್ಸು ಬರುತ್ತಿಲ್ಲ. ಇದು ನಿಮ್ಮ ಪ್ರಶ್ನೆ, ಅಲ್ವಾ?

ಆ ಕಾಗದಕ್ಕೆ ಸಹಿ ಹಾಕಬೇಡಿ. ಹಾಗಂತ ಸುಮ್ನೆ ಕೂರಲೂ ಬೇಡಿ. ನಿಮ್ಮದೇ ಬೇರೆ ಕಾಗದ ಬರೆಯಿರಿ.

ಯಾಕೆ ಅಂತ ಹೇಳುತ್ತೇನೆ. ನಾನು ಬೋಗಾದಿ ಕಡೆಯ ಒಂದು ಖಾಸಗಿ ಬಡಾವಣೆಯಲ್ಲಿದ್ದೇನೆ. ಸೈಟು ಕೊಳ್ಳುವಾಗ ರಸ್ತೆ, ಬೀದಿದೀಪ, ಯುಜಿಡಿ (ನೆಲದಡಿಯ ಒಳಚರಂಡಿ) ಎಲ್ಲ ತೋರಿಸಿದ್ದರು. ಪೈಪು ನಿಜಕ್ಕೂ ಇತ್ತು. ಅದು ಎಲ್ಲಿಗೆ ಹೋಗಿ ಸೇರುತ್ತದೆ ಅಂತ ನಾವ್ಯಾರೂ ಕೇಳಲಿಲ್ಲ. ಹತ್ತಿಪ್ಪತ್ತು ಮನೆ ಇದ್ದಾಗ ಏನೂ ಗೊತ್ತಾಗಲಿಲ್ಲ. ನೂರು ದಾಟಿದ ಮೇಲೆ ಕೊನೆಯ ಮ್ಯಾನ್‌ಹೋಲ್ ಉಕ್ಕಲು ಶುರುವಾಯಿತು. ಆಗ ತಿಳಿಯಿತು, ನಮ್ಮ ಪೈಪು ಬಡಾವಣೆಯ ಗಡಿಗೇ ನಿಂತುಹೋಗಿತ್ತು. ಊರಿನ ದೊಡ್ಡ ಲೈನಿಗೆ ಸೇರಿಯೇ ಇರಲಿಲ್ಲ. ಕೊಳಚೆ ಮಳೆನೀರಿನ ಕಾಲುವೆಗೆ ಹೋಗುತ್ತಿತ್ತು, ಅಲ್ಲಿಂದ ಕೆರೆಗೆ.

ಅದೇ ಹೊತ್ತಿಗೆ ಪಕ್ಕದ ಜಮೀನಿನಲ್ಲಿ ಸಣ್ಣ ಮನೆಗಳ ಪ್ರಸ್ತಾಪ ಬಂತು. ಮೊದಲೇ ರೋಸಿಹೋಗಿದ್ದ ನಾನು ಬೇಡ ಅಂತ ಸಹಿ ಹಾಕಿದೆ. ಪ್ರಸ್ತಾಪ ಬಿದ್ದುಹೋಯಿತು. ಕೆಲವು ವರ್ಷ ಆದ ಮೇಲೆ ಅದೇ ಜಾಗದಲ್ಲಿ ದೊಡ್ಡ ದೊಡ್ಡ ಸೈಟುಗಳ ಬಡಾವಣೆ ಎದ್ದಿತು. ಅದರ ಕೊಳಚೆಯೂ ಅದೇ ಕಾಲುವೆಗೆ! ಅದಕ್ಕೆ ಯಾರೂ ಆಕ್ಷೇಪಣೆ ಹಾಕಲಿಲ್ಲ. ನಾನೂ ಹಾಕಲಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ದಿನಾ ಎರಡು ಬಸ್ ಹತ್ತಿ ಬರುತ್ತಾರೆ. ಆ ಸಣ್ಣ ಮನೆಗಳಲ್ಲಿ ಒಂದಕ್ಕೆ ಅರ್ಜಿ ಹಾಕಬೇಕು ಅಂದುಕೊಂಡಿದ್ದೆ ಅಂತ ಒಂದು ದಿನ ಪಾತ್ರೆ ತೊಳೆಯುತ್ತಾ ಹೇಳಿದರು. ನಾನು ಸಹಿ ಹಾಕಿದ ವಿಷಯ ಅವರಿಗೆ ಇವತ್ತಿಗೂ ಗೊತ್ತಿಲ್ಲ. ಅದು ನನ್ನನ್ನು ಈಗಲೂ ಕೊರೆಯುತ್ತದೆ.

ಹಾಗಂತ ನೀರಿನ ಮಾತು ಬರೀ ನೆಪ ಅಂತ ನಾನು ಹೇಳುತ್ತಿಲ್ಲ. ಲೆಕ್ಕ ಹಾಕಿ ನೋಡಿ. 600 ಮನೆ, ಮನೆಗೆ ನಾಲ್ಕು ಜನ ಅಂದರೆ 2,400 ಜನ. ಯುಜಿಡಿ ಇರುವ ನಗರಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಕೇಂದ್ರದ ಮಾನದಂಡ. ಒಟ್ಟು 3.24 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಆದರೆ ದಿನಕ್ಕೆ 54 ಲೋಡು. ಅದರಲ್ಲಿ ಸುಮಾರು ಶೇ. 80 ಭಾಗ, ಅಂದರೆ ಎರಡೂವರೆ ಲಕ್ಷ ಲೀಟರಿಗೂ ಜಾಸ್ತಿ, ಕೊಳಚೆಯಾಗಿ ಹೊರಗೆ ಬರುತ್ತದೆ. ಇದಕ್ಕೆ ದಾರಿ ಮಾಡದೆ ಮನೆ ಕಟ್ಟಿದರೆ ನಮಗಿಂತ ಮೊದಲು ಸಾಯುವುದು ಆ ಮನೆಯವರೇ. ನೀರು ನಿಂತರೆ ನಮಗೆ ಸಂಪ್ ಇದೆ, ಟ್ಯಾಂಕರಿಗೆ ಕೊಡಲು ದುಡ್ಡಿದೆ. ದಿನಗೂಲಿಯವರು ಮೂರನೇ ಮಹಡಿಗೆ ಬಿಂದಿಗೆ ಹೊರಬೇಕು. ಹಾಗಾಗಿ ನೀರು, ಯುಜಿಡಿ ಕೇಳುವುದು ಅವರ ಪರವಾಗಿಯೂ ಕೇಳಿದಂತೆ.

ಇದನ್ನು ಕೇಳುವ ಸಮಯ ಈಗಲೇ. ಭೂ ಉಪಯೋಗ ಬದಲಾವಣೆ ನಡೆಯುವುದು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 14-ಎ ಕಲಂ ಪ್ರಕಾರ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು, ಪೇಪರಿನಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು, ಸರ್ಕಾರದ ಒಪ್ಪಿಗೆ ಬೇಕು. ನಕ್ಷೆಯಲ್ಲಿ ಕೃಷಿಯ ಹಸಿರು ಬಣ್ಣ ಇದ್ದದ್ದು ವಸತಿಯ ಹಳದಿ ಆದ ದಿನವೇ ಜಮೀನಿನ ಬೆಲೆ ಏರುತ್ತದೆ. ಅಲ್ಲಿಯವರೆಗೆ ಷರತ್ತು ಹಾಕಲು ಅವಕಾಶವಿದೆ. ಆಮೇಲೆ ಕೇಳಿದರೆ ಯಾರಿಗೂ ಅವಸರ ಇರುವುದಿಲ್ಲ.

ನಿಮ್ಮ ಕಾಗದದ ಮೊದಲ ಸಾಲಿನಲ್ಲೇ ಮನೆಗಳು ಬರಲಿ ಅಂತ ಬರೆಯಿರಿ. ಇದು ತುಂಬಾ ಮುಖ್ಯ. ಇಲ್ಲದಿದ್ದರೆ ನಿಮ್ಮದನ್ನೂ ವಿರೋಧದ ಕಟ್ಟಿಗೇ ಸೇರಿಸುತ್ತಾರೆ. ಆಮೇಲೆ ನೀರು ಎಲ್ಲಿಂದ ಅಂತ ಕೇಳಿ. ಮೈಸೂರಿಗೆ ನೀರು ಕಾವೇರಿ ಮತ್ತು ಕಬಿನಿಯಿಂದ ಬರುತ್ತದೆ. ಕಾವೇರಿಯಿಂದ ಕುಡಿಯುವ ನೀರು ತರುವ ಹಳೇ ಉಂಡುವಾಡಿ ಯೋಜನೆಯ ನೀರು ಕೊಡುತ್ತೇವೆ ಅಂದರೆ, ಅದರಲ್ಲಿ ಈ ಸರ್ವೆ ನಂಬರಿನ ಪಾಲೆಷ್ಟು, ಲೈನು ಯಾವಾಗ ಇಲ್ಲಿಗೆ ಮುಟ್ಟುತ್ತದೆ ಅಂತ ಬರಹದಲ್ಲಿ ಕೇಳಿ. ಬೋರ್‌ವೆಲ್ ತೋರಿಸಿದರೆ ಒಪ್ಪಬೇಡಿ. ಇಷ್ಟು ಜನರಿಗೆ ಅದೊಂದನ್ನೇ ನಂಬಲು ಆಗುವುದಿಲ್ಲ.

ಕೊಳಚೆಯದ್ದು ಇನ್ನೂ ಸೂಕ್ಷ್ಮ. ಊರಿನ ಶುದ್ಧೀಕರಣ ಘಟಕಗಳು ಕೆಸರೆ, ರಾಯನಕೆರೆ, ವಿದ್ಯಾರಣ್ಯಪುರಂನಲ್ಲಿವೆ. ಆ ಜಮೀನಿನ ಇಳಿಜಾರು ಯಾವ ಕಡೆಗಿದೆ, ಯಾವ ಘಟಕಕ್ಕೆ ಸೇರುತ್ತದೆ, ಮಧ್ಯದ ಲೈನು ಇದೆಯಾ ಅಂತ ನೋಡಬೇಕು. ಆ ಮನೆಗಳ ಆವರಣದೊಳಗೇ ಎಸ್‌ಟಿಪಿ, ಅಂದರೆ ಸ್ವಂತ ಕೊಳಚೆ ಶುದ್ಧೀಕರಣ ಘಟಕ, ಕಟ್ಟಿ ಅಂತ ಕೇಳೋಣ ಅನ್ನುವವರು ಜಾಸ್ತಿ. ನನಗೆ ಅದು ಸರಿ ಕಾಣುವುದಿಲ್ಲ. ಕಟ್ಟುವ ಖರ್ಚು ಒಂದು ಸಲದ್ದು, ಆದರೆ ಅದರ ಕರೆಂಟು ಬಿಲ್ಲು, ಆಪರೇಟರ್ ಸಂಬಳ, ರಿಪೇರಿ ಎಲ್ಲ ತಿಂಗಳು ತಿಂಗಳು ಆ ಬಡ ಕುಟುಂಬಗಳ ತಲೆ ಮೇಲೆ ಬೀಳುತ್ತದೆ. ಅವರಿಗೆ ಕಟ್ಟಲಾಗದೆ ಮೋಟಾರು ನಿಂತರೆ ಮತ್ತೆ ಅದೇ ಕಾಲುವೆ. ಊರಿನ ಲೈನಿಗೇ ಸೇರಿಸಲಿ. ನೀರು ಸರಬರಾಜು ಯೋಜನೆಗೆ, ರಿಂಗ್ ರೋಡಿಗೆ ಅಂತ ನಕ್ಷೆ ಮಂಜೂರಾತಿ ವೇಳೆ ಸೆಸ್ (ಹೆಚ್ಚುವರಿ ಕರ) ವಸೂಲಿಗೆ ಇದೇ ಕಾಯ್ದೆಯ 18-ಎ ಅವಕಾಶ ಕೊಟ್ಟಿದೆ. ಸುತ್ತಲಿನ ಬಡಾವಣೆಗಳ ಆ ಹಣ ಎಷ್ಟಿದೆ, ಎಲ್ಲಿ ಖರ್ಚಾಯಿತು ಅಂತ ಆರ್‌ಟಿಐ ಹಾಕಬಹುದು.

1903ರಲ್ಲೇ ಊರನ್ನು ಸುಧಾರಿಸಲು ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಅನ್ನುವ ಮಂಡಳಿ ಆದ ಊರು ನಮ್ಮದು. ಪ್ಲೇಗ್ ಬಂದ ಮೇಲೆ ಅಗಲ ರಸ್ತೆ, ಚರಂಡಿ, ಹೊಸ ಬಡಾವಣೆಗಳ ಯೋಚನೆ ಒಟ್ಟಿಗೇ ನಡೆದದ್ದು. ಹಳೇ ಬಡಾವಣೆಗಳ ಮನೆ ಹಿಂದಿನ ಕನ್ಸರ್ವೆನ್ಸಿ ಗಲ್ಲಿಗಳನ್ನು (ಚರಂಡಿ, ಕಸ ತೆಗೆಯಲು ಬಿಟ್ಟ ಕಿರುದಾರಿ) ನೀವೂ ನೋಡಿರುತ್ತೀರಿ. ಅಷ್ಟು ಹಿಂದೆ ಆಗಿದ್ದು ಈಗ ಯಾಕೆ ಆಗಬಾರದು?

ಇನ್ನೆರಡು ಷರತ್ತು ಮರೆಯಬೇಡಿ. ಲೈನು ಬಂದಷ್ಟೇ ಮನೆ, ಅಂದರೆ ಮೊದಲು 200, ಆಮೇಲೆ ಉಳಿದದ್ದು. ಇದು ಆದೇಶದಲ್ಲೇ ಇರಬೇಕು. ಎರಡನೆಯದು, ಬದಲಾವಣೆ ಸಣ್ಣ ಮನೆಗಳಿಗೆ ಮಾತ್ರ ಅಂತ ಬರೆಸಿ. ಬಡವರ ಹೆಸರಿನಲ್ಲಿ ಹಳದಿ ಮಾಡಿಸಿ ಕೊನೆಗೆ ದೊಡ್ಡ ಸೈಟು ಮಾರಿದರೆ ನೀವು ವಿರೋಧದ ಕಾಗದಕ್ಕೆ ಸಹಿ ಹಾಕದೆ ಇದ್ದೂ ಉಪಯೋಗವಿಲ್ಲ.

ಪ್ರಕಟಣೆಯಲ್ಲಿ ಕೊನೇ ದಿನಾಂಕ ಇರುತ್ತದೆ, ಅದಕ್ಕೆ ಮೊದಲೇ ಕೈಯಾರೆ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಸಾಧ್ಯವಾದರೆ ಆ ಮನೆಗಳಿಗಾಗಿ ಕಾಯುತ್ತಿರುವ ಒಬ್ಬಿಬ್ಬರನ್ನು ಹುಡುಕಿ, ಅವರ ಸಹಿಯನ್ನೂ ನಿಮ್ಮ ಸಹಿಯ ಪಕ್ಕದಲ್ಲೇ ತೆಗೆದುಕೊಳ್ಳಿ. ನಾನು ಆವತ್ತು ಅಡುಗೆಮನೆಯಲ್ಲಿದ್ದವರನ್ನೇ ಕೇಳಲಿಲ್ಲ.