ಸೂಜಿ ಚುಚ್ಚದೆ ಉಗುಳಿನಲ್ಲೇ ಶುಗರ್ ನೋಡಬಹುದಾ?

ನಿಮ್ಮ ತಾಯಿಗೆ ಶುಗರ್ ಇದೆ, ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತೆ, ಉಗುಳು ಕೊಟ್ಟರೆ ಸಾಕು ಅನ್ನೋ ವೀಡಿಯೊ ಯಾರೋ ಕಳಿಸಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಶುಗರ್ ಮಟ್ಟಿಗೆ ನಂಬಬೇಡಿ. ಆದರೆ ಬೇರೆ ಕೆಲವು ಪರೀಕ್ಷೆಗೆ ಉಗುಳು ಚೆನ್ನಾಗಿಯೇ ನಡೆಯುತ್ತೆ. ಒಂದಕ್ಕಂತೂ ರಕ್ತಕ್ಕಿಂತ ಮೇಲು.

ನಾನು ದಾವಣಗೆರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್. ಹದಿನಾಲ್ಕು ವರ್ಷದಿಂದ ಬೆಳಗಾದರೆ ಜನರ ತೋಳು ಹುಡುಕೋದೇ ಕೆಲಸ. ನಿಮ್ಮ ತಾಯಿಯಂಥವರು ದಿನಕ್ಕೆ ಇಬ್ಬರಾದರೂ ಸಿಗುತ್ತಾರೆ.

ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯಡಿ ಇರುವ ಗ್ರಂಥಿಗಳು ರಕ್ತದಿಂದ ನೀರು ಎಳೆದುಕೊಂಡು ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಉಗುಳು ಮಾಡುತ್ತವೆ. ಅದರಲ್ಲಿ ನೂರಕ್ಕೆ 99 ಪಾಲು ನೀರೇ. ಈ ಗ್ರಂಥಿ ಒಂದು ಜರಡಿ ಅಂದುಕೊಳ್ಳಿ. ಕೆಂಪು ರಕ್ತಕಣ, ಪ್ಲೇಟ್‌ಲೆಟ್ ಇದನ್ನು ದಾಟೋದಿಲ್ಲ. ಹಾಗಾಗಿ ಹಿಮೋಗ್ಲೋಬಿನ್‌ಗೆ, ಮಳೆಗಾಲದಲ್ಲಿ ಡೆಂಗಿ ಬಂದಾಗ ಎಲ್ಲರೂ ಕೇಳುವ ಪ್ಲೇಟ್‌ಲೆಟ್ ಲೆಕ್ಕಕ್ಕೆ ರಕ್ತವೇ ಬೇಕು.

ಸಕ್ಕರೆ ದಾಟುತ್ತೆ, ಆದರೆ ತೀರಾ ಕಮ್ಮಿ. ರಕ್ತದಲ್ಲಿ ಇರುವುದರ ನೂರರಲ್ಲಿ ಒಂದು ಪಾಲಿನ ಆಸುಪಾಸು. ಅಷ್ಟನ್ನೂ ಬಾಯಿಯ ಬ್ಯಾಕ್ಟೀರಿಯಾ ತಿನ್ನುತ್ತಿರುತ್ತವೆ. ಹಲ್ಲಿನ ಸಂದಿಯಲ್ಲಿ ಉಳಿದ ತಿಂಡಿಯ ಸಿಹಿ ಬೇರೆ ಸೇರುತ್ತೆ. ಒಸಡಿನಿಂದ ಒಂಚೂರು ರಕ್ತ ಬಂದರೆ ಲೆಕ್ಕ ಮತ್ತೆ ಏರುಪೇರು. ಶುಗರ್ ಇರುವವರಲ್ಲಿ ಒಸಡಿನ ತೊಂದರೆ, ಬಾಯಿ ಒಣಗೋದು ಎರಡೂ ಜಾಸ್ತಿ ಅಲ್ವಾ? ಅಂಥ ನಂಬರ್ ನೋಡಿ ಇನ್ಸುಲಿನ್ ಹಾಕಿಕೊಳ್ಳೋಕಾಗುತ್ತಾ? ಚುಚ್ಚದೆ ಶುಗರ್ ತೋರಿಸುತ್ತೆ ಅಂತ ಮಾರುವ ವಾಚು, ಉಂಗುರಗಳನ್ನು ನಂಬಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಅದನ್ನೂ ತಲೆಯಲ್ಲಿ ಇಟ್ಟುಕೊಳ್ಳಿ.

ಇನ್ನು ಉಗುಳೇ ಮೇಲು ಅಂದೆನಲ್ಲ, ಅದು ಕಾರ್ಟಿಸೋಲ್. ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ ಇದ್ದು ನಡುರಾತ್ರಿ ಹೊತ್ತಿಗೆ ತಳ ಮುಟ್ಟಬೇಕು. ಮೈಯಲ್ಲಿ ಇದು ಅತಿಯಾಗುವ ಕುಶಿಂಗ್ಸ್ ಅನ್ನೋ ಕಾಯಿಲೆಯಲ್ಲಿ ಹಾಗೆ ಇಳಿಯೋದಿಲ್ಲ. ಅದನ್ನು ಹಿಡಿಯೋಕೆ ರಾತ್ರಿ ಹನ್ನೊಂದರ ಮೇಲೆ ಸ್ಯಾಂಪಲ್ ಬೇಕು. ಆ ಹೊತ್ತಲ್ಲಿ ಆಸ್ಪತ್ರೆಗೆ ಕರೆದು ಸೂಜಿ ಚುಚ್ಚಿದರೆ ಗಾಬರಿಗೇ ಕಾರ್ಟಿಸೋಲ್ ಏರುತ್ತೆ. ಮನೆಯಲ್ಲಿ ಮಂಚದ ಮೇಲೆ ಕೂತು ಹತ್ತಿಯ ತುಂಡನ್ನು ಬಾಯಲ್ಲಿ ಇಟ್ಟುಕೊಂಡರೆ ಆ ಗೋಳೇ ಇಲ್ಲ. ಅದೂ ಅಲ್ಲದೆ ರಕ್ತದ ಕಾರ್ಟಿಸೋಲ್‌ನಲ್ಲಿ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುತ್ತೆ. ಉಗುಳಿಗೆ ಬರೋದು ಬಿಡಿಯಾಗಿ ಓಡಾಡೋ ಪಾಲು, ನಿಜಕ್ಕೂ ಕೆಲಸ ಮಾಡೋದೂ ಅದೇ.

ಆದರೆ ಉಗುಳು ಕೊಡೋದು ಸಲೀಸು ಅಂತ ತಿಳಿಯಬೇಡಿ. ಚನ್ನಗಿರಿ ಕಡೆಯ ಒಬ್ಬ ಅಜ್ಜರಿಗೆ ಎಲ್ಲ ವಿವರಿಸಿ ಬಾಟಲಿ ಕೊಟ್ಟಿದ್ದೆ. ಮಾರನೇ ದಿನ ತಂದರು, ಒಳಗೆ ಕೆಂಪಗೆ! ಎಲೆಅಡಿಕೆ ಹಾಕಿಕೊಂಡೇ ಉಗುಳಿದ್ದರು. ‘ಊಟ ಮಾಡಬೇಡಿ ಅಂದ್ರಿ, ಎಲೆಅಡಿಕೆ ಬೇಡ ಅನ್ನಲಿಲ್ಲವಲ್ಲಪ್ಪಾ’ ಅಂದರು. ತಪ್ಪು ನನ್ನದೇ. ಅಡಿಕೆ ಸೀಮೆಯಲ್ಲಿ ಅದನ್ನು ಮೊದಲು ಹೇಳಬೇಕಿತ್ತು. ತಂಬಾಕೂ ಬೇಡ. ಸ್ಯಾಂಪಲ್‌ಗೆ ಮುಂಚೆ ಹಲ್ಲುಜ್ಜೋದೂ ಬೇಡ, ಒಸಡಿನ ರಕ್ತ ಸೇರುತ್ತೆ. ಇನ್ನೊಂದು ತಮಾಷೆ, ಬೀದಿಯಲ್ಲಿ ಧಾರಾಳವಾಗಿ ಉಗುಳುವ ನಮ್ಮ ಜನಕ್ಕೆ ಬಾಟಲಿಗೆ ಉಗುಳಿ ಅಂದರೆ ನಾಚಿಕೆಗೆ ಬಾಯಿ ಒಣಗಿಬಿಡುತ್ತೆ. ಹುಣಸೆಹಣ್ಣು ನೆನೆಸಿಕೊಳ್ಳಿ ಅಂತ ಹೇಳಿ ನಾನು ಆಚೆ ಹೋಗುತ್ತೇನೆ.

ಎಚ್‌ಐವಿಗೂ ಬಾಯಿಯ ಪರೀಕ್ಷೆ ಇದೆ. ಒಸಡಿನ ಮೇಲೆ ಕಡ್ಡಿ ಸವರಿ, ವೈರಸ್ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯ ಇದೆಯಾ ಅಂತ ನೋಡುತ್ತಾರೆ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗೆ ಅಮೆರಿಕ 2012ರಲ್ಲಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ ಪಾಸಿಟಿವ್ ಬಂದರೆ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಲೇಬೇಕು. ಡಿಎನ್‌ಎ ಪರೀಕ್ಷೆಗೆ ಉಗುಳು ಧಾರಾಳ ಸಾಕು, ಕೆನ್ನೆಯ ಒಳಗಿನ ಕೋಶಗಳು ಅದರಲ್ಲಿ ಇರುತ್ತವೆ. ಟಿಬಿಗೆ ಮಾತ್ರ ಉಗುಳು ತರಬೇಡಿ. ಅಲ್ಲಿ ಬೇಕಾದ್ದು ಎದೆಯಾಳದಿಂದ ಕೆಮ್ಮಿ ತೆಗೆದ ಕಫ. ಇವೆರಡನ್ನೂ ಒಂದೇ ಅಂದುಕೊಂಡು ಬಂದವರನ್ನು ಎಷ್ಟು ಸಲ ವಾಪಸ್ ಕಳಿಸಿದ್ದೇನೋ.

ಈಗ ನಿಮ್ಮ ತಾಯಿಯ ವಿಚಾರ. ಎಚ್‌ಬಿಎ1ಸಿ ಅನ್ನೋ ರಕ್ತ ಪರೀಕ್ಷೆ ಮಾಡಿಸಿದರೆ ಎರಡು ಮೂರು ತಿಂಗಳ ಶುಗರ್ ಸರಾಸರಿ ಒಂದೇ ಚುಚ್ಚಿಗೆ ಸಿಗುತ್ತೆ, ಉಪವಾಸವೂ ಬೇಡ. ಎಷ್ಟು ದಿನಕ್ಕೊಮ್ಮೆ ಅಂತ ಅವರ ಡಾಕ್ಟರನ್ನೇ ಕೇಳಿ. ಫಾಸ್ಟಿಂಗ್ ಕೊಡುವ ದಿನವೂ ಬರೀ ನೀರು ಕುಡಿಯಬಹುದು. ನೀರು ಕುಡಿದು ಬಂದರೆ ನರ ಬೇಗ ಸಿಗುತ್ತೆ, ಎರಡೆರಡು ಸಲ ಚುಚ್ಚೋದು ತಪ್ಪುತ್ತೆ. ‘ನನಗೆ ತಲೆ ಸುತ್ತುತ್ತೆ, ಮಲಗಿಸಿ ತೆಗೀರಿ’ ಅಂತ ಮೊದಲೇ ಹೇಳಲಿ, ಯಾರೂ ನಗೋದಿಲ್ಲ. ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಬೆರಳ ತುದಿಯ ನಡುವೆ ಚುಚ್ಚಬೇಡಿ, ಪಕ್ಕಕ್ಕೆ ಚುಚ್ಚಿ, ನೋವು ಕಮ್ಮಿ. ಅದಕ್ಕೆ ಮುಂಚೆ ಕೈ ತೊಳೆದು ಒರೆಸಿಕೊಳ್ಳಲಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿಕೊಂಡು, ಶುಗರ್ ಏರಿದೆ ಅಂತ ಗಾಬರಿಯಾಗಿ ನಮ್ಮಲ್ಲಿಗೆ ಓಡಿಬಂದವರಿದ್ದಾರೆ.