ಐಸ್ ಕರಗಿದ ಮೇಲೂ ಕಾಫಿ ಗಟ್ಟಿಯಾಗೇ ಇರಬೇಕು ಅಂದರೆ

ಈ ಸಲ ಬಂದ ಪತ್ರಗಳಲ್ಲಿ ಕೋಲ್ಡ್ ಕಾಫಿಯ ಮಾತೇ ಜಾಸ್ತಿ. ಬೇಸಿಗೆ ಅಲ್ವಾ. "ಯಾವ ಕಾಫಿ ಮೇಕರ್ ತಗೊಳ್ಳಲಿ" ಅನ್ನುವುದೇ ಹೆಚ್ಚಿನವರ ಪ್ರಶ್ನೆ. ಬೇರೆ ಬೇರೆ ಥರದ ಮನೆಗಳಿಂದ ಬಂದ ಆರು ಪತ್ರ ಆರಿಸಿಕೊಂಡಿದ್ದೇನೆ. ಪ್ರತಿ ಪತ್ರದ ಕೆಳಗೇ ನನ್ನ ಉತ್ತರ ಇದೆ.

ನಮ್ಮದು ದಾವಣಗೆರೆ, ಮನೆಯಲ್ಲಿ ನಾಲ್ಕು ಜನ. ಮಾರ್ಚ್ ಬಂತು ಅಂದರೆ ಕಾಲೇಜಿಗೆ ಹೋಗುವ ಮಕ್ಕಳಿಬ್ಬರಿಗೂ ಮಧ್ಯಾಹ್ನ ಕೋಲ್ಡ್ ಕಾಫಿಯೇ ಆಗಬೇಕು. ಫಿಲ್ಟರ್ ಡಿಕಾಕ್ಷನ್‌ಗೆ ಹಾಲು, ಸಕ್ಕರೆ, ಐಸ್ ಹಾಕಿ ಕೊಡುತ್ತೇನೆ. ಐದು ನಿಮಿಷಕ್ಕೆ ನೀರು ನೀರು. 15 ಬಾರ್ ಅಂತ ಬರೆದಿರುವ ಎಸ್‌ಪ್ರೆಸೊ ಮೆಷಿನ್ ತಗೊಂಡುಬಿಡೋಣ ಅನ್ನುತ್ತಾರೆ ನಮ್ಮ ಯಜಮಾನರು. ತಗೊಳ್ಳಬಹುದಾ?

ಈಗಲೇ ಬೇಡ. ಮೊದಲು ಮನೆಯಲ್ಲಿರುವ ಫಿಲ್ಟರನ್ನೇ ಸರಿಯಾಗಿ ದುಡಿಸಿ ನೋಡಿ.

ಕಾಫಿ ನೀರಾಗುವುದು ಐಸ್‌ನಿಂದ. ಇದರ ಲೆಕ್ಕ ಒಂದು ಸಲ ಹೇಳುತ್ತೇನೆ, ಯಾಕೆಂದರೆ ಕೆಳಗಿನ ಪತ್ರಗಳಿಗೂ ಇದೇ ಬೇಕು. ಒಂದು ಗ್ರಾಂ ಐಸ್ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖ ಹೀರಿಕೊಳ್ಳುತ್ತದೆ. 100 ಎಂಎಲ್ ಡಿಕಾಕ್ಷನ್ 90 ಡಿಗ್ರಿ ಬಿಸಿ ಇದ್ದಾಗ ಐಸ್ ಹಾಕಿದಿರಿ ಅಂತಿಟ್ಟುಕೊಳ್ಳಿ. ಅದು 5 ಡಿಗ್ರಿಗೆ ಇಳಿಯಬೇಕಾದರೆ ಹತ್ತಿರ ಹತ್ತಿರ 100 ಗ್ರಾಂ ಐಸ್ ಕರಗಬೇಕು. ಅಂದರೆ ಡಿಕಾಕ್ಷನ್ ಎಷ್ಟಿದೆಯೋ ಅಷ್ಟೇ ನೀರು ಸೇರಿತು. ಅದೇ ಡಿಕಾಕ್ಷನ್ ಹೊರಗಿಟ್ಟು 30 ಡಿಗ್ರಿಗೆ ಆರಿದ್ದರೆ 30 ಗ್ರಾಂ ಐಸ್ ಸಾಕು. ಫ್ರಿಜ್‌ನಲ್ಲಿ ಇಟ್ಟಿದ್ದರೆ ಐಸ್ ಕರಗಬೇಕಾದ ಕೆಲಸವೇ ಹೆಚ್ಚೇನಿಲ್ಲ, ಸುಮ್ನೆ ತೇಲುತ್ತಾ ಇರುತ್ತದೆ. ಹಾಗಾಗಿ ಕೋಲ್ಡ್ ಕಾಫಿಗೆ ಏನೇ ಕೊಳ್ಳುವ ಮೊದಲು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಎಷ್ಟು ಗಟ್ಟಿ ಡಿಕಾಕ್ಷನ್ ಕೊಡುತ್ತದೆ? ಕಪ್ ತುಂಬ ತೆಳು ಕಾಫಿ ಕೊಡುವ ಮೆಷಿನ್ ಎಷ್ಟೇ ದುಬಾರಿ ಆಗಿರಲಿ, ಐಸ್ ಮುಂದೆ ಸೋಲುತ್ತದೆ.

ಈ ವಿಷಯದಲ್ಲಿ ನಮ್ಮ ಸ್ಟೀಲ್ ಫಿಲ್ಟರ್ ಮೊದಲಿಂದಲೂ ಗಟ್ಟಿಗ. 30 ಗ್ರಾಂ ಪುಡಿ ಹಾಕಿ, ಹಿಡಿ ಇರುವ ತೂತಿನ ತಟ್ಟೆಯಿಂದ ಮೆತ್ತಗೆ ಒತ್ತಿ, ಆಗಷ್ಟೇ ಕುದಿದ ನೀರು 160 ಎಂಎಲ್ ಸುರಿಯಿರಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಹಿಡಿದುಕೊಳ್ಳುತ್ತದೆ, ಕೆಳಗೆ ಸುಮಾರು 100 ಎಂಎಲ್ ಇಳಿಯುತ್ತದೆ. ಇಬ್ಬರಿಗೆ ಅಷ್ಟು ಸಾಕು. ನಾಲ್ವರೂ ಕುಡಿಯುವುದಾದರೆ ಎರಡು ಸಲ ಹಾಕುವ ಬದಲು ದೊಡ್ಡ ಸೈಜಿನ ಇನ್ನೊಂದು ಫಿಲ್ಟರ್ ತಗೊಳ್ಳಿ, ಕೆಲವೇ ನೂರು ರೂಪಾಯಿ. ನಮ್ಮ ಮನೆಯಲ್ಲಿ ರಾತ್ರಿ ಪಾತ್ರೆ ತೊಳೆದ ಮೇಲೆ ಫಿಲ್ಟರ್ ಹಾಕುತ್ತೇನೆ. ದೀಪ ಆರಿಸುವ ಹೊತ್ತಿಗೆ ಒಳಗೆ ತೊಟ್ಟು ತೊಟ್ಟು ಬೀಳುವ ಸದ್ದು ಶುರುವಾಗಿರುತ್ತದೆ. ಬೆಳಗ್ಗೆ ಎದ್ದು ಬಿಸಿ ಕಾಫಿಗೆ ಬೇಕಾದಷ್ಟು ಬಗ್ಗಿಸಿಕೊಂಡು, ಉಳಿದದ್ದನ್ನು ಮುಚ್ಚಳ ಇರುವ ಗಾಜಿನ ಬಾಟಲಿಗೆ ಹಾಕಿ ಫ್ರಿಜ್‌ಗೆ. ಮಧ್ಯಾಹ್ನ ಲೋಟಕ್ಕೆ 50 ಎಂಎಲ್ ಡಿಕಾಕ್ಷನ್, 120 ಎಂಎಲ್ ತಣ್ಣನೆ ಹಾಲು, ಮೂರು ತುಂಡು ಐಸ್. ಕೊನೆ ಗುಟುಕಿನವರೆಗೂ ಕಾಫಿ ಅನ್ನಿಸುತ್ತದೆ.

ಡಿಕಾಕ್ಷನ್ ಇಳಿಯುವುದು ಬರಬರುತ್ತಾ ನಿಧಾನ ಆಗಿದೆಯಾ? ತೂತು ಕಟ್ಟಿರುತ್ತದೆ. ಮೇಲಿನ ಬಟ್ಟಲನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಸ್ವಲ್ಪ ಹೊತ್ತು ಕಾಯಿಸಿ, ಕೂತಿದ್ದ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ಬ್ರಷ್‌ನಲ್ಲಿ ಉಜ್ಜಿ.

ಸಕ್ಕರೆಯನ್ನು ತಣ್ಣನೆ ಹಾಲಿಗೆ ನೇರವಾಗಿ ಹಾಕಬೇಡಿ, ಅರ್ಧ ತಳದಲ್ಲೇ ಕೂರುತ್ತದೆ. ಅಷ್ಟಕ್ಕಷ್ಟು ನೀರು ಸೇರಿಸಿ ಕಾಯಿಸಿ ಪಾಕ ಮಾಡಿಟ್ಟುಕೊಳ್ಳಿ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಗೊತ್ತಾಗುತ್ತದೆ, ಮಕ್ಕಳು ಇನ್ನಷ್ಟು ಕೇಳುವುದು ಅದಕ್ಕೇ. ಇನ್ನೂ ಒಂದು ಮಾಡಬಹುದು. ಮಿಕ್ಕ ಡಿಕಾಕ್ಷನ್ನನ್ನೇ ಐಸ್ ಟ್ರೇಗೆ ಹಾಕಿಡಿ. ಲೋಟದಲ್ಲಿ ಅದು ಕರಗಿದಷ್ಟೂ ಕಾಫಿ ಗಟ್ಟಿಯಾಗುತ್ತಾ ಹೋಗುತ್ತದೆ.

ಇನ್ನು ಯಜಮಾನರ 15 ಬಾರ್. ಬಾರ್ ಅಂದರೆ ಒತ್ತಡದ ಅಳತೆ. ಆ ಅಂಕಿ ಪಂಪ್‌ಗೆ ಇರುವ ಗರಿಷ್ಠ ತಾಕತ್ತು. ಎಸ್‌ಪ್ರೆಸೊ, ಅಂದರೆ ಬಿಸಿ ನೀರನ್ನು ಒತ್ತಡದಲ್ಲಿ ಪುಡಿಯೊಳಗೆ ಹಾಯಿಸಿ ತೆಗೆಯುವ ಗಟ್ಟಿ ಕಾಫಿ, ಇಳಿಸಲು ಬೇಕಾದ್ದು ಸುಮಾರು 9 ಬಾರ್. 15 ಇದ್ದರೆ ಚೆನ್ನಾಗಿದೆ, 20 ಇದ್ದರೆ ಇನ್ನೂ ಚೆನ್ನಾಗಿದೆ ಅಂತೇನೂ ಇಲ್ಲ. ಒಳ್ಳೆ ಎಸ್‌ಪ್ರೆಸೊ ಐಸ್‌ಗೆ ಬಹಳ ಚೆನ್ನಾಗಿ ಒಗ್ಗುತ್ತದೆ, ಅದು ನಿಜ. 18 ಗ್ರಾಂ ಪುಡಿಯಿಂದ 40 ಎಂಎಲ್ ಬಂದರೆ ಗಟ್ಟಿ ಇರದೆ ಏನು? ಆದರೆ ಅದಕ್ಕೆ ಚಿಕೋರಿ ಇಲ್ಲದ, ತುಂಬ ನಯವಾದ ಪುಡಿ ಬೇಕು. ನೀವು ಫಿಲ್ಟರ್‌ಗೆ ತರುವ ಚಿಕೋರಿ ಪುಡಿ ಬಿಸಿ ನೀರಿಗೆ ಮೆತ್ತಗಾಗಿ ಜಾಲರಿಗೆ ಅಂಟಿಕೊಳ್ಳುತ್ತದೆ. ಅಂದರೆ ಬೀಜ ಪುಡಿ ಮಾಡುವ ಗ್ರೈಂಡರ್ ಖರ್ಚೂ ಸೇರಿತು. ಮನೆಯವರೆಲ್ಲ ಬಿಸಿ ಕಾಫಿಗೂ ಅದನ್ನೇ ಬಳಸುತ್ತೀರಿ ಅನ್ನುವುದಾದರೆ ಮುಂದಿನ ವರ್ಷ ಯೋಚಿಸಿ. ಇನ್ನೊಂದು ಮಾತು, ಬೋರ್‌ವೆಲ್ ನೀರು ಹಾಕಬೇಡಿ. ನಾನು ಹಿಂದೆ ತಂದಿದ್ದ ಮೆಷಿನ್ ಒಂದೂವರೆ ವರ್ಷಕ್ಕೆ ಉಸಿರು ಕಟ್ಟಿದಂತೆ ಗುರ್ ಗುರ್ ಅನ್ನತೊಡಗಿತು. ರಿಪೇರಿಯವರು ಬಿಚ್ಚಿದಾಗ ನಳಿಗೆಯೊಳಗೆ ಬಿಳಿ ಸುಣ್ಣದ ಪದರ ಕಂಡಿತು. ಫಿಲ್ಟರ್ ಮಾಡಿದ ನೀರು ಹಾಕಿ, ಜೊತೆಗೆ ಎರಡು ಮೂರು ತಿಂಗಳಿಗೊಮ್ಮೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಹಾಯಿಸಿದ್ದರೆ ಅದು ಉಳಿಯುತ್ತಿತ್ತು.

ಫಿಲ್ಟರ್‌ಗೆ ಕಾಯುವಷ್ಟು ಹೊತ್ತಿಲ್ಲ ಅಂದರೆ ಮಧ್ಯದ ದಾರಿ ಮೋಕಾ ಪಾಟ್. 1933ರಲ್ಲಿ ಇಟಲಿಯಲ್ಲಿ ಬಂದದ್ದು. ಕೆಳಗಿನ ಪಾತ್ರೆಯ ನೀರು ಆವಿಯ ಒತ್ತಡಕ್ಕೆ ಪುಡಿಯೊಳಗಿಂದ ಮೇಲೆ ಹತ್ತುತ್ತದೆ, ಐದಾರು ನಿಮಿಷದ ಕೆಲಸ. ನೀರು ಸೇಫ್ಟಿ ವಾಲ್ವ್‌ಗಿಂತ ಕೆಳಗೇ ಇರಲಿ, ಪುಡಿಯನ್ನು ಒತ್ತಬೇಡಿ. ಕೊಳ್ಳುವಾಗ ಒಂದು ಎಚ್ಚರ: 3 ಕಪ್ ಅಂತ ಬರೆದಿದ್ದರೆ ಅದು ಅವರ ಪುಟ್ಟ ಕಪ್ ಲೆಕ್ಕ, ಎಲ್ಲ ಸೇರಿ ನಮ್ಮ ಒಂದು ಲೋಟವೂ ತುಂಬುವುದಿಲ್ಲ. ನಿಮ್ಮ ಮನೆಗೆ 6 ಕಪ್‌ನದು ಬೇಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ, ಒಬ್ಬನೇ ಇದ್ದೇನೆ. ಇಂಡಕ್ಷನ್ ಒಲೆ ಮಾತ್ರ ಇದೆ. ಹಾಲು ಹಾಕುವುದಿಲ್ಲ, ಬ್ಲ್ಯಾಕ್ ಐಸ್ ಕಾಫಿ ದಿನಾ ಬೇಕು. ಹೊರಗೆ ಕುಡಿದು ಕುಡಿದು ಖರ್ಚು ಜಾಸ್ತಿ ಆಗುತ್ತಿದೆ. ಫ್ರೆಂಚ್ ಪ್ರೆಸ್, ಪೋರ್ ಓವರ್, ಕೋಲ್ಡ್ ಬ್ರೂ ಜಾಡಿ, ಯಾವುದು?

ಹಾಲಿಲ್ಲದ ಕಾಫಿಗೆ ಲೆಕ್ಕ ಬೇರೆ. ಇಲ್ಲಿ ಗಟ್ಟಿತನದ ಜೊತೆ ಘಮವೂ ಬೇಕು, ಮರೆಸಲು ಹಾಲಿಲ್ಲವಲ್ಲ. ಚಿಕೋರಿ ಇಲ್ಲದ ಪುಡಿಯೇ ತನ್ನಿ. ಕಾಫಿ ಪುಡಿ ಅಂಗಡಿಯಲ್ಲಿ "ಪ್ಯೂರ್, ಪ್ಲಾಂಟೇಶನ್ ಎ" ಅಥವಾ "ಪೀಬೆರಿ" ಅಂತ ಕೇಳಿದರೆ ಅವರಿಗೆ ಗೊತ್ತಾಗುತ್ತದೆ. ಪ್ಲಾಂಟೇಶನ್ ಅಂದರೆ ತೊಳೆದು ಒಣಗಿಸಿದ, ಅರೇಬಿಕಾ ಅನ್ನುವ ಜಾತಿಯ ಕಾಫಿ ಬೀಜ. ಚಿಕ್ಕಮಗಳೂರು, ಕೊಡಗಿನ ಒಳ್ಳೆ ಬೀಜ ಎಲ್ಲ ಕಡೆ ಸಿಗುವ ಊರಲ್ಲಿದ್ದೀರಿ, ಅದನ್ನು ಬಳಸಿಕೊಳ್ಳಿ.

ಘಮ ಇಷ್ಟ ಆದರೆ ಪೋರ್ ಓವರ್. ಕೋನ್ ಆಕಾರದ ಕಪ್, ಪೇಪರ್ ಫಿಲ್ಟರ್, ಕೆಳಗೆ ಒಂದು ಪಾತ್ರೆ, ಇಷ್ಟೇ. ಜಪಾನಿನಲ್ಲಿ ಮಾಡುವಂತೆ ಕೆಳಗಿನ ಪಾತ್ರೆಗೆ ಮೊದಲೇ 120 ಗ್ರಾಂ ಐಸ್ ಹಾಕಿ, ಮೇಲೆ 20 ಗ್ರಾಂ ಪುಡಿಗೆ 180 ಎಂಎಲ್ ಬಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯಿರಿ. ಇಲ್ಲಿ ಕರಗುವ ಐಸ್ ಕೂಡ ಅಳತೆಯ ಒಳಗೇ ಇದೆ, ಆದ್ದರಿಂದ ನೀರಾಗುವ ಭಯವಿಲ್ಲ. ಬಿಸಿ ನೀರು ಘಮವನ್ನು ಎಳೆದು ತರುತ್ತದೆ, ಐಸ್ ಅದನ್ನು ಆ ಕ್ಷಣವೇ ಹಿಡಿದು ನಿಲ್ಲಿಸುತ್ತದೆ. ಮೊದಲ ಸಲ ಮಾಡಿದಾಗ ಮೂಗನ್ನು ಲೋಟದ ಹತ್ತಿರ ಹಿಡಿದು ನೋಡಿ, ತಣ್ಣನೆ ಕಾಫಿಗೆ ಇಷ್ಟು ವಾಸನೆ ಇರುತ್ತದಾ ಅನ್ನಿಸುತ್ತದೆ.

ಬೆಳಗ್ಗೆ ಅಷ್ಟು ವ್ಯವಧಾನ ಇಲ್ಲದಿದ್ದರೆ ಕೋಲ್ಡ್ ಬ್ರೂ. ಅದಕ್ಕೆ ಜಾಡಿಯನ್ನು ದುಡ್ಡು ಕೊಟ್ಟು ತರಲೇಬೇಕು ಅಂತಿಲ್ಲ, ಉಪ್ಪಿನಕಾಯಿಯ ವಾಸನೆ ಹಿಡಿದಿರದ ಯಾವ ಗಾಜಿನ ಜಾಡಿಯೂ ಆದೀತು. 60 ಗ್ರಾಂ ಪುಡಿ, ಅರ್ಧ ಲೀಟರ್ ತಣ್ಣೀರು, ಫ್ರಿಜ್‌ನಲ್ಲಿ 16 ಗಂಟೆ. ಆಮೇಲೆ ಟೀ ಜರಡಿಯ ಮೇಲೆ ತೆಳುವಾದ ಹತ್ತಿ ಬಟ್ಟೆ ಹಾಸಿ ಸೋಸಿ. ಹಿಂಡಬೇಡಿ, ಹಿಂಡಿದರೆ ಚರಟದ ಕಹಿ ಇಳಿಯುತ್ತದೆ. ಹುಳಿ, ಕಹಿ ಎರಡೂ ಕಡಿಮೆ ಇರುವ ಮೃದುವಾದ ಕಾಫಿ ಇದು. ಘಮದಲ್ಲಿ ಪೋರ್ ಓವರ್‌ಗೆ ಸಮ ಬರುವುದಿಲ್ಲ.

ಫ್ರೆಂಚ್ ಪ್ರೆಸ್ ಅಂದರೆ ಪುಡಿಯನ್ನು ಜಾಲರಿ ತಟ್ಟೆಯಿಂದ ತಳಕ್ಕೆ ಒತ್ತುವ ಜಗ್. ಅದನ್ನು ತಂದರೆ ಎರಡೂ ಥರ ಬಳಸಬಹುದು, ಬಿಸಿ ನೀರಲ್ಲಿ ನಾಲ್ಕು ನಿಮಿಷ ಅಥವಾ ತಣ್ಣೀರಲ್ಲಿ ರಾತ್ರಿಯಿಡೀ. ತಳದಲ್ಲಿ ಮಡ್ಡಿ ನಿಲ್ಲುವುದನ್ನು ಸಹಿಸಬೇಕು ಅಷ್ಟೆ. ನನ್ನನ್ನು ಕೇಳಿದರೆ ಒಬ್ಬರಿಗೆ ಪೋರ್ ಓವರ್.

ಪುಡಿಯ ದಪ್ಪವನ್ನು ಅಂಗಡಿಯವರಿಗೆ ಹೇಳುವುದು ಹೇಗೆ ಅಂತ ಅನೇಕರು ಕೇಳುತ್ತಾರೆ. ಕೋಲ್ಡ್ ಬ್ರೂಗೂ ಫ್ರೆಂಚ್ ಪ್ರೆಸ್‌ಗೂ ಬನ್ಸಿ ರವೆ ಥರ, ಪೋರ್ ಓವರ್‌ಗೆ ಚಿರೋಟಿ ರವೆ ಥರ ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ. ಮತ್ತೆ, ಅಲ್ಯೂಮಿನಿಯಂ ಮೋಕಾ ಪಾಟ್ ನಿಮ್ಮ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಮುಂದೆ ಎಂದಾದರೂ ಆಸೆಯಾದರೆ ಇಂಡಕ್ಷನ್‌ಗೆ ಆಗುವ ಸ್ಟೀಲ್‌ನದೇ ನೋಡಿ.

ಮೈಸೂರಿನಿಂದ ಬರೆಯುತ್ತಿದ್ದೇನೆ. ಕೋಲ್ಡ್ ಬ್ರೂ ಜಾಡಿ ತಂದು ಅಡುಗೆಕಟ್ಟೆಯ ಮೇಲೇ ರಾತ್ರಿಯಿಡೀ ಇಟ್ಟಿದ್ದೆ, ಮಾರನೇ ದಿನ ಸಂಜೆ ಒಂಥರಾ ವಾಸನೆ. ಇನ್ನೊಂದು, ನಮ್ಮ ಅತ್ತೆಗೆ 68 ವರ್ಷ, ಸಂಜೆ ಇದನ್ನು ಕುಡಿದ ದಿನ ನಿದ್ದೆಯೇ ಇಲ್ಲ ಅನ್ನುತ್ತಾರೆ. ಬಿಸಿ ಕಾಫಿಯಲ್ಲಿ ಹಾಗಾಗುತ್ತಿರಲಿಲ್ಲ.

ಆ ಜಾಡಿಯದನ್ನು ಚೆಲ್ಲಿಬಿಡಿ, ದಯವಿಟ್ಟು. ಕುದಿಯದ ನೀರು, ಬೇಸಿಗೆಯ ಅಡುಗೆಮನೆ, ಅಷ್ಟು ಹೊತ್ತು. ಕೆಡಲು ಅಷ್ಟು ಸಾಕು. ಕುದಿಸಿ ಆರಿಸಿದ ನೀರು ಬಳಸಿ, ಮೊದಲಿನಿಂದ ಕೊನೆಯವರೆಗೂ ಫ್ರಿಜ್‌ನಲ್ಲೇ ಇರಲಿ, ಸೋಸಿದ ಮೇಲೆ ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಜಾಡಿಯ ಜೊತೆ ಬರುವ ಜಾಲರಿ ಕೊಳವೆಯನ್ನು ಸೋಪಿನ ಬಿಸಿ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ. ವಾಸನೆ ಸಾಮಾನ್ಯವಾಗಿ ಅಲ್ಲಿಂದಲೇ ಶುರು. ಕೊಳ್ಳುವಾಗ ಕೈ ಒಳಗೆ ಹೋಗುವಷ್ಟು ಅಗಲ ಬಾಯಿ ಇರುವ ಜಾಡಿ ನೋಡಿ ಅನ್ನುವುದು ಇದಕ್ಕೇ.

ಅತ್ತೆಯವರ ಮಾತು ಸರಿಯೇ ಇದೆ. ಅವರು ಮೊದಲು ಕುಡಿಯುತ್ತಿದ್ದ ಕಾಫಿಯಲ್ಲಿ ಚಿಕೋರಿ ಇತ್ತು ಅನ್ನಿಸುತ್ತದೆ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಹಾಲೂ ಜಾಸ್ತಿ, ಡಿಕಾಕ್ಷನ್ ಸ್ವಲ್ಪ. ಕೋಲ್ಡ್ ಬ್ರೂ ಪೂರ್ತಿ ಕಾಫಿ, ಕಹಿ ಇಲ್ಲದ್ದರಿಂದ ಗೊತ್ತಾಗದೆ ದೊಡ್ಡ ಲೋಟ ಇಳಿದುಹೋಗುತ್ತದೆ. ಪುಡಿಯಲ್ಲಿ ರೋಬಸ್ಟಾ ಜಾತಿಯ ಬೀಜ ಇದ್ದರೆ ಇನ್ನೂ ಹೆಚ್ಚು, ಅದರಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್. ಅವರಿಗೆ ಬೇಕಾದರೆ ಬೆಳಗ್ಗೆ ಹನ್ನೊಂದರ ಒಳಗೆ, ಫಿಲ್ಟರ್ ಡಿಕಾಕ್ಷನ್‌ನದೇ, ಚಿಕ್ಕ ಲೋಟದಲ್ಲಿ ಕೋಲ್ಡ್ ಕಾಫಿ ಮಾಡಿಕೊಡಿ. ಮಾತ್ರೆ ಏನಾದರೂ ತಗೊಳ್ಳುತ್ತಿದ್ದರೆ ಡಾಕ್ಟರನ್ನು ಒಮ್ಮೆ ಕೇಳಿ.

ಗೃಹಪ್ರವೇಶಕ್ಕೆ ಕರೆಂಟಿನ ಡ್ರಿಪ್ ಕಾಫಿ ಮೇಕರ್ ಉಡುಗೊರೆ ಬಂದಿದೆ, ಗಾಜಿನ ಜಗ್ ಇರುವುದು. ಇದರಲ್ಲಿ ಐಸ್ ಕಾಫಿ ಆಗುತ್ತದಾ? (ಹಾಸನ)

ಆಗುತ್ತದೆ. ಪುಡಿ ಎಂದಿನಷ್ಟೇ, ನೀರು ಅರ್ಧ. ಇಳಿದ ಕೂಡಲೇ ಸ್ವಿಚ್ ಆರಿಸಿ. ಕೆಳಗಿನ ಬಿಸಿ ತಟ್ಟೆಯ ಮೇಲೆ ಹಾಗೇ ಬಿಟ್ಟರೆ ಕಾಫಿ ಕಮಟಾಗುತ್ತದೆ. ಬಿಸಿ ಗಾಜಿನ ಜಗ್‌ಗೆ ಮಾತ್ರ ಐಸ್ ಹಾಕಬೇಡಿ, ಸೀಳು ಬಿಡುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಐಸ್ ಇಟ್ಟು ಅದಕ್ಕೆ ಕಾಫಿ ಸುರಿಯಿರಿ.

ಮಸ್ಕತ್‌ನಲ್ಲಿದ್ದೇವೆ. ಪಾಡ್ ಮೆಷಿನ್ ಇದೆ, ಪುಡಿ ತುಂಬಿದ ಪುಟ್ಟ ಡಬ್ಬಿ ಹಾಕಿ ಬಟನ್ ಒತ್ತುವಂಥದು. ದೊಡ್ಡ ಕಪ್ ಬಟನ್ ಒತ್ತಿ ಐಸ್ ಹಾಕಿದರೆ ಸಪ್ಪೆ. ಬೇರೆ ಮೆಷಿನ್ ತಗೊಳ್ಳಬೇಕಾ?

ಬೇಡ. ಬಟನ್ ಬದಲಿಸಿ ಸಾಕು. ದೊಡ್ಡ ಕಪ್ ಅಂದರೆ ಅದೇ ಪುಡಿಗೆ ನೀರು ಜಾಸ್ತಿ. ಚಿಕ್ಕ ಕಪ್ ಬಟನ್‌ನಲ್ಲಿ ಎರಡು ಪಾಡ್ ಇಳಿಸಿ, ಎರಡು ನಿಮಿಷ ಆರಲು ಬಿಟ್ಟು, ಆಮೇಲೆ ಐಸ್. ಊರಿಗೆ ಬಂದಾಗ ಒಂದು ಫಿಲ್ಟರ್ ಕೊಂಡೊಯ್ಯಿರಿ. ವಿಯೆಟ್ನಾಂನವರು ನಮ್ಮ ಫಿಲ್ಟರ್‌ನ ತಮ್ಮನಂತಿರುವ ಫಿನ್ ಅನ್ನುವ ಸಣ್ಣ ಪಾತ್ರೆಯಲ್ಲಿ ರೋಬಸ್ಟಾ ಇಳಿಸಿ, ಕಂಡೆನ್ಸ್ಡ್ ಮಿಲ್ಕ್ ಮತ್ತು ಐಸ್ ಹಾಕಿ ಕುಡಿಯುತ್ತಾರೆ. ನಮ್ಮ ಫಿಲ್ಟರ್‌ನಲ್ಲೂ ಅದು ಸೊಗಸಾಗಿ ಬರುತ್ತದೆ, ನಿಮ್ಮ ಅಲ್ಲಿನ ಸೆಕೆಗೆ ಹೇಳಿ ಮಾಡಿಸಿದ್ದು.

ಧಾರವಾಡದ ಹಾಸ್ಟೆಲ್‌ನಲ್ಲಿದ್ದೇನೆ. ನನ್ನ ಹತ್ತಿರ ಮೆಷಿನ್ ಇಲ್ಲ, ಒಲೆ ಇಲ್ಲ, ಮಿಕ್ಸಿ ಇಲ್ಲ. ಐಸ್ ಮಾತ್ರ ಕ್ಯಾಂಟೀನ್‌ನಲ್ಲಿ ಕೊಡುತ್ತಾರೆ.

ಒಂದು ಮುಚ್ಚಳ ಗಟ್ಟಿ ಇರುವ ಬಾಟಲಿ ಇದೆ ತಾನೇ? 1957ರಲ್ಲಿ ಗ್ರೀಸ್‌ನ ಥೆಸಲೋನಿಕಿಯ ವಸ್ತುಪ್ರದರ್ಶನದಲ್ಲಿ ಕೆಲಸಕ್ಕಿದ್ದ ಒಬ್ಬರಿಗೆ ಕಾಫಿ ಮಾಡಿಕೊಳ್ಳಲು ಬಿಸಿ ನೀರು ಸಿಗಲಿಲ್ಲ. ಇನ್‌ಸ್ಟಂಟ್ ಪುಡಿಯನ್ನು ತಣ್ಣೀರು, ಐಸ್ ಜೊತೆ ಶೇಕರ್‌ನಲ್ಲಿ ಕುಲುಕಿ ಕುಡಿದರು. ಗ್ರೀಸ್‌ನವರ ಫ್ರಾಪೆ ಅಲ್ಲಿಂದ ಬಂತು. ನೀವೂ ಎರಡು ಚಮಚ ಇನ್‌ಸ್ಟಂಟ್ ಪುಡಿ, ಎರಡು ಚಮಚ ಸಕ್ಕರೆ, ನಾಲ್ಕು ಚಮಚ ನೀರು ಹಾಕಿ ಮುಚ್ಚಳ ಬಿಗಿದು ಒಂದು ನಿಮಿಷ ಬಿಡದೆ ಕುಲುಕಿ. ಬಾಟಲಿ ತುಂಬ ಕಂದು ನೊರೆ ಏಳುತ್ತದೆ. ಆಮೇಲೆ ಐಸ್, ಅದರ ಮೇಲೆ ತಣ್ಣನೆ ಹಾಲು. ಪುಡಿ ಕೊಳ್ಳುವಾಗ ಪೊಟ್ಟಣದ ಮೇಲೆ ಚಿಕೋರಿ ಎಷ್ಟು ಪರ್ಸೆಂಟ್ ಅಂತ ಬರೆದಿರುತ್ತದೆ, ಓದಿ. ಪೂರ್ತಿ ಕಾಫಿಯದೇ ಬೇಕು ಅಂದರೆ ನೂರು ಪರ್ಸೆಂಟ್ ಕಾಫಿ ಅಂತ ಇರುವುದನ್ನು ತನ್ನಿ, ಚಿಕ್ಕ ಪೊಟ್ಟಣವೇ ಸಾಕು. ಹಾಸ್ಟೆಲ್‌ನಲ್ಲಿ ಡಬ್ಬಿಯ ಮುಚ್ಚಳ ತೆರೆದು ಬಿಟ್ಟಿದ್ದರೆ ಪುಡಿ ಒಂದೇ ವಾರಕ್ಕೆ ಗಟ್ಟಿ ಕಟ್ಟುತ್ತದೆ.