ತಾಲ್ಲೂಕು ಮೈದಾನದಲ್ಲಿ ಐದು ಸಾವಿರ ಜನ ಸೇರುವ ಕಾರ್ಯಕ್ರಮ: ಸುರಕ್ಷತೆಗಾಗಿ ಏನು ನೋಡಿಕೊಳ್ಳಬೇಕು?

ಕಾಲೇಜು ಮೈದಾನದಲ್ಲಿ ಗಣೇಶೋತ್ಸವದ ರಸಮಂಜರಿ ಏರ್ಪಡಿಸುತ್ತಿದ್ದೇವೆ, ಐದು ಸಾವಿರ ಜನ ಬರಬಹುದು, ಪೊಲೀಸ್ ಅನುಮತಿ ಪಡೆದ ಮೇಲೆ ಇನ್ನೇನು ಮಾಡಬೇಕು ಎಂದು ಕೇಳಿದ್ದೀರಿ. ನಮ್ಮೂರಿನ ರಾಜ್ಯೋತ್ಸವ ಸಮಿತಿಯಲ್ಲಿ ಹಲವು ವರ್ಷ ದುಡಿದವನಾಗಿ ಹೇಳುವುದಾದರೆ, ವೇದಿಕೆಯ ಜಾಗವನ್ನು ಗುರುತಿಸುವ ಮೊದಲು ಜನ ಹೊರಗೆ ಹೋಗುವ ದಾರಿಗಳನ್ನು ಗುರುತಿಸಿಕೊಳ್ಳಿ.

ಇದಕ್ಕೊಂದು ಲೆಕ್ಕವಿದೆ. ಬ್ರಿಟನ್ನಿನ ಕ್ರೀಡಾಂಗಣಗಳ ಸುರಕ್ಷತಾ ಕೈಪಿಡಿಯ ಪ್ರಕಾರ, ಸಮತಟ್ಟಾದ ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಸುಮಾರು 82 ಮಂದಿ ಸಾಗಬಲ್ಲರು. ಐದು ಸಾವಿರ ಮಂದಿ 8 ನಿಮಿಷಗಳಲ್ಲಿ ಹೊರಬರಬೇಕಾದರೆ ಎಲ್ಲ ಗೇಟುಗಳ ಅಗಲ ಸೇರಿ ಏಳೂವರೆ ಮೀಟರಿಗಿಂತ ಹೆಚ್ಚಿರಬೇಕು. 3 ಮೀಟರಿನ ಒಂದೇ ಗೇಟಿದ್ದರೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎಲ್ಲಕ್ಕಿಂತ ದೊಡ್ಡ ಗೇಟಿನ ಬಳಿಯೇ ಬೆಂಕಿ ಬಿದ್ದಿದೆ ಎಂದುಕೊಂಡು, ಅದನ್ನು ಬಿಟ್ಟು ಮತ್ತೊಮ್ಮೆ ಲೆಕ್ಕ ಹಾಕಿ. ಒಮ್ಮೆ ನಮ್ಮ ಕಾರ್ಯಕ್ರಮದ ನಡುವೆ ದಿಢೀರನೆ ಮಳೆ ಸುರಿದಾಗ, ಕಾಗದದ ಮೇಲೆ ಮೂರಿದ್ದ ಗೇಟುಗಳಲ್ಲಿ ಒಂದಕ್ಕೆ ಚುರುಮುರಿ ಗಾಡಿಗಳು ಅಡ್ಡ ನಿಂತಿದ್ದವು, ಇನ್ನೊಂದರ ಬೀಗದ ಕೈ ಯಾರಲ್ಲಿದೆ ಎಂಬುದೇ ಯಾರಿಗೂ ತಿಳಿದಿರಲಿಲ್ಲ. ಯಾರಿಗೂ ಪೆಟ್ಟಾಗದಿದ್ದದ್ದು ನಮ್ಮ ಪುಣ್ಯ.

ಜನಜಂಗುಳಿಯಲ್ಲಿ ಸಿಲುಕಿ ಜನ ಸಾಯುವ ದುರಂತಗಳನ್ನು ಪತ್ರಿಕೆಗಳು ಕಾಲ್ತುಳಿತ ಎಂದು ಕರೆಯುತ್ತವೆ. ಆ ಪದ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಹೆಚ್ಚಿನವರು ಸಾಯುವುದು ಎದೆ ಹಿಗ್ಗಲು ಜಾಗವಿಲ್ಲದೆ, ನಿಂತಲ್ಲೇ ಉಸಿರುಗಟ್ಟಿ. ಚದರ ಮೀಟರಿಗೆ ಆರೇಳು ಮಂದಿ ಸೇರಿದರೆ ಯಾರೂ ತಮ್ಮ ಇಚ್ಛೆಯಂತೆ ಹೆಜ್ಜೆ ಇಡಲಾರರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ 11 ಮಂದಿ ಪ್ರಾಣ ಕಳೆದುಕೊಂಡರು. ಸುಮಾರು 35,000 ಜನ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಾಂತರ ಜನ ಬಂದಿದ್ದರು, ಪ್ರವೇಶ ಉಚಿತವೋ ಪಾಸ್ ಬೇಕೋ ಎಂಬ ಗೊಂದಲವೂ ಇತ್ತು. ಆದ್ದರಿಂದ ನಿಮ್ಮ ಕರಪತ್ರದಲ್ಲಿಯೂ ವಾಟ್ಸ್‌ಆ್ಯಪ್ ಸಂದೇಶದಲ್ಲಿಯೂ ಒಂದೇ ಮಾತಿರಲಿ, ಮೈದಾನ ತುಂಬಿದೊಡನೆ ಆ ಸುದ್ದಿ ಗೇಟಿನ ಹೊರಗಿನ ರಸ್ತೆಯಲ್ಲಿ ನಿಂತವರಿಗೂ ಕೇಳುವಂತೆ ಅಲ್ಲೊಂದು ಧ್ವನಿವರ್ಧಕವಿರಲಿ.

ಜನರೇಟರಿನ ಸುತ್ತ ಬೇಲಿ ಹಾಕಿ, ಅದನ್ನು ಶಾಮಿಯಾನದಿಂದ ದೂರವಿಡಿ. ವೈರಿನ ಜಾಯಿಂಟುಗಳು ಹಸಿ ಹುಲ್ಲಿನ ಮೇಲೆ ಬೀಳದಿರಲಿ. ಕಟೌಟುಗಳ ವಿಷಯದಲ್ಲಂತೂ ಹುಡುಗರ ಮಾತಿಗೆ ಮಣಿಯಬೇಡಿ: 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗುಲಿ ಮೂವರು ಯುವಕರು ತೀರಿಕೊಂಡರು.

ಕಾರ್ಯಕ್ರಮವನ್ನು ನಿಲ್ಲಿಸುವ ಅಧಿಕಾರ ಯಾರಿಗಿದೆ ಎಂಬುದನ್ನು ಸಮಿತಿಯ ಸಭೆಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಿ. ಅವರು ವೇದಿಕೆಯ ಮೇಲೆ ಕೂರುವವರಾಗಿರಬಾರದು, ಶಾಸಕರು ಭಾಷಣ ಮಾಡುತ್ತಿದ್ದರೂ ಮೈಕ್ ಕೇಳಿ ಪಡೆಯುವಷ್ಟು ಧೈರ್ಯದವರಾಗಿರಬೇಕು. ಕರೆಂಟ್ ಹೋದರೂ ನಡೆಯುವ ಬ್ಯಾಟರಿ ಮೆಗಾಫೋನ್ ಒಂದು ಅವರ ಕೈಯಲ್ಲಿರಲಿ.